ಕಡಿಮೆ ಬೆಲೆಯ ಪಿನೊ ನ್ವಾರ್: ತೆಳುವೋ, ನೀರೋ?

ಮೊದಲಗುಟುಕು
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಕ್ಯಾಬರ್ನೆ, ಶಿರಾಜ್ ಥರದ ಗಟ್ಟಿ ಕೆಂಪು ವೈನುಗಳನ್ನೇ ಕುಡಿದವನು ನಾನು. ಎಲ್ಲರೂ ಅಷ್ಟು ಹೊಗಳ್ತಾರಲ್ಲ ಅಂತ ಈ ಸಲ ಪಿನೊ ನ್ವಾರ್ ಅನ್ನೋ ದ್ರಾಕ್ಷಿಯ ಕೆಂಪು ವೈನು ಒಂದು ತಂದೆ. ಆ ಸಾಲಿನಲ್ಲಿ ಇದ್ದದ್ದರಲ್ಲೇ ಕಡಿಮೆ ಬೆಲೆಯದು. ಚಿಲಿ ದೇಶದ್ದು, ಶೇ. 13 ಆಲ್ಕೋಹಾಲ್, ತಿರುಪು ಮುಚ್ಚಳ.

ಲೋಟಕ್ಕೆ ಸುರಿದ ತಕ್ಷಣ ಮನಸ್ಸು ಕುಗ್ಗಿತು. ಬಣ್ಣವೇ ಇಲ್ಲ. ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಬಹುದು. ಬಾಯಿಗಿಟ್ಟರೆ ಮೊದಲು ಸ್ಪಿರಿಟ್ಟಿನ ಘಾಟು, ಆಮೇಲೆ ಒಂಚೂರು ಹುಳಿ, ಅಷ್ಟೇ. ಒಗರು ಇಲ್ಲ, ನಾಲಗೆ ಮೇಲೆ ಭಾರ ಇಲ್ಲ. ನೀರು ಬೆರೆಸಿದ ಹಾಗಿತ್ತು.

ಇದು ಕೆಟ್ಟ ಬಾಟಲಿಯೋ, ಕಡಿಮೆ ಬೆಲೆಗೆ ಸಿಗೋದೇ ಇಷ್ಟೋ, ಅಥವಾ ನಾನು ಕುಡಿದ ರೀತಿಯಲ್ಲೇ ತಪ್ಪಿದೆಯೋ? ಇನ್ನೂ ಮುಕ್ಕಾಲು ಬಾಟಲಿ ಉಳಿದಿದೆ, ಅದಕ್ಕೇ ಕೇಳ್ತಿದ್ದೀನಿ.

ತಂಪುಬಾಟಲಿ
ಎಷ್ಟು ಡಿಗ್ರಿಯಲ್ಲಿ ಕುಡಿದ್ರಿ? ಅದನ್ನೇ ಬರೆದಿಲ್ಲ ನೀವು.

ಮೊದಲಗುಟುಕು
ಅಳೆದಿಲ್ಲ ಸರ್. ಕಪಾಟಿನಿಂದ ತೆಗೆದೆ, ಸುರಿದೆ. ಕೋಣೆ ಬೆಚ್ಚಗೇ ಇತ್ತು.

ತಂಪುಬಾಟಲಿ
ಹಾಗಾದ್ರೆ ಅರ್ಧ ಉತ್ತರ ಅಲ್ಲೇ ಇದೆ. "ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು" ಅನ್ನೋ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳ ಕಾಲದಲ್ಲಿ. ಪಿನೊಗೆ 12ರಿಂದ 16 ಡಿಗ್ರಿ ಸರಿ. ತೆಳುವಾದ, ಎಳೆಯ ಬಾಟಲಿ ಆದ್ರೆ ಇನ್ನೂ ಕೆಳಗಿನ ತುದಿಯಲ್ಲೇ ಇರಲಿ. 25 ದಾಟಿದ್ರೆ ಲೋಟದಿಂದ ಮೊದಲು ಏಳೋದು ಆಲ್ಕೋಹಾಲಿನ ಆವಿ. ನೀವು ಬರೆದ ಘಾಟು ಅದೇ. ಅದರಡಿಯಲ್ಲಿ ಹಣ್ಣಿನ ಘಮ ಇದ್ದರೂ ಮೂಗಿಗೆ ತಲುಪಲ್ಲ.

ಗುಡ್ಡದಗಾಳಿ
ಅಣ್ಣಾರ, ಮೊದಲ ತಂಪ ಮಾಡ್ರಿ, ಆಮ್ಯಾಲ ಬೈರಿ. ನಾನೂ ಮೊದಲನೇ ಬಾಟಲಿ ಹಿಂಗ ಬಿಸಿ ಬಿಸಿ ಕುಡದು ಪಿನೊ ಅಂದ್ರ ಬ್ಯಾಡ ಅಂತ ಎರಡ ವರ್ಷ ಬಿಟ್ಟಿದ್ದೆ. ಆ ಎರಡ ವರ್ಷ ಸುಮ್ನ ಹೋತು.

ಒಗರುಸಿಹಿ
ತಂಪು ಸರಿ, ಆದ್ರೆ ಎಲ್ಲವನ್ನೂ ಫ್ರಿಜ್ಜಿನ ತಲೆಗೆ ಕಟ್ಟಬೇಡಿ. ಕಡಿಮೆ ಬೆಲೆಯ ಪಿನೊ ಬಹಳಷ್ಟು ಸಲ ನಿಜವಾಗಿಯೂ ನೀರುನೀರಾಗಿರುತ್ತೆ. ಈ ದ್ರಾಕ್ಷಿಯ ಸ್ವಭಾವ ಹಾಗೆ. ಸಿಪ್ಪೆ ತೆಳು, ಗೊಂಚಲು ಒತ್ತೊತ್ತು, ಮಳೆ ಬಂದ್ರೆ ಒಳಗಿಂದೊಳಗೇ ಕೊಳೆಯುತ್ತೆ. ಬೇಗ ಚಿಗುರೋದ್ರಿಂದ ವಸಂತದ ಹಿಮಕ್ಕೆ ಸಿಕ್ಕಿ ಸುಟ್ಟುಹೋಗುತ್ತೆ. ಬಳ್ಳಿಗೆ ಜಾಸ್ತಿ ಕಾಯಿ ಬಿಟ್ಟರೆ ರುಚಿ ತೆಳ್ಳಗಾಗುತ್ತೆ. ಇಷ್ಟೆಲ್ಲ ಕಷ್ಟದ ಬೆಳೆಯನ್ನ ಕಡಿಮೆ ಬೆಲೆಗೆ ಮಾರಬೇಕು ಅಂದ್ರೆ ಎಲ್ಲೋ ಒಂದು ಕಡೆ ಕೈ ಬಿಡಲೇಬೇಕು. ಒಂದೋ ಇಳುವರಿ ಹೆಚ್ಚಿಸ್ತಾರೆ, ಇಲ್ಲ ಬೆಚ್ಚಗಿನ ಬಯಲಲ್ಲಿ ಬೆಳೀತಾರೆ. ನಾನು ಈ ವರ್ಗದ ಬಾಟಲಿಗಳಿಗೆ ದುಡ್ಡು ಹಾಕೋದನ್ನೇ ಬಿಟ್ಟೆ. ಅದೇ ಬೆಲೆಗೆ ಗಮೇ ಅನ್ನೋ ಇನ್ನೊಂದು ದ್ರಾಕ್ಷಿಯ ಕೆಂಪು ವೈನು ತಗೊಳ್ಳಿ, ಹೆಚ್ಚು ಖುಷಿ ಸಿಗುತ್ತೆ.

ಚೆರ್ರಿಬುಟ್ಟಿ
ತೆಳು ಬೇರೆ, ನೀರು ಬೇರೆ. ಈ ಎರಡನ್ನೂ ಒಂದೇ ಅಂತ ಬರೆದಾಗೆಲ್ಲ ನನಗೆ ಸಂಕಟ ಆಗುತ್ತೆ. ತೆಳು ಅನ್ನೋದು ನಾಲಗೆ ಮೇಲಿನ ತೂಕದ ಮಾತು. ನೀರು ಅನ್ನೋದು ರುಚಿ ಎಲ್ಲಿಗೆ ಮುಗಿಯಿತು ಅನ್ನೋ ಮಾತು. ಗುಟುಕು ನುಂಗಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ಹತ್ತಕ್ಕೆ ಬಂದಾಗಲೂ ಬಾಯಲ್ಲಿ ಹಣ್ಣಿನ ನೆನಪು ಇದ್ರೆ ಅದು ನೀರಲ್ಲ, ಎಷ್ಟೇ ತೆಳುವಾಗಿರಲಿ. ಮೂರಕ್ಕೇ ಖಾಲಿ ಆದ್ರೆ ನೀರು ಅಂತ ನಾನೂ ಒಪ್ತೀನಿ.

ಲ್ಯಾಬ್‌ಕೋಟು
ಬಣ್ಣದ ಬಗ್ಗೆ ಒಂದು ಮಾತು. ಅಕ್ಷರ ಓದೋಕಾಗುವಷ್ಟು ತಿಳಿಯಾಗಿದೆ ಅನ್ನೋದು ದೋಷ ಅಲ್ಲ, ಅದು ಈ ದ್ರಾಕ್ಷಿಯ ಗುರುತು. ಕೆಂಪು ವೈನಿಗೆ ಬಣ್ಣ ಬರೋದು ಸಿಪ್ಪೆಯಲ್ಲಿರೋ ಆಂಥೋಸಯಾನಿನ್‌ಗಳಿಂದ. ಪಿನೊ ಸಿಪ್ಪೆಯಲ್ಲಿ ಅದರ ಪ್ರಮಾಣವೇ ಕಡಿಮೆ. ಜೊತೆಗೆ ಬೇರೆ ಕೆಂಪು ದ್ರಾಕ್ಷಿಗಳಲ್ಲಿ ಬಣ್ಣವನ್ನ ಗಟ್ಟಿಯಾಗಿ ಹಿಡಿದಿಡೋ ಅಸೈಲೇಟೆಡ್ ರೂಪಗಳಿರುತ್ತಲ್ಲ, ಅವು ಪಿನೊದಲ್ಲಿ ಇಲ್ಲ. ಎಷ್ಟು ಹೊತ್ತು ಸಿಪ್ಪೆ ನೆನೆಸಿಟ್ಟರೂ ಕ್ಯಾಬರ್ನೆಯ ಬಣ್ಣ ಬರಲ್ಲ. ಬಣ್ಣದಿಂದ ಬಲ ಅಳೆಯೋ ಅಭ್ಯಾಸ ಈ ಒಂದು ವೈನಿಗೆ ಬಿಟ್ಟುಬಿಡಿ.

ಪ್ರಶ್ನೆಪತ್ರಿಕೆ
ಹಾಗಾದ್ರೆ ಕಡುಗೆಂಪು ಬಣ್ಣದ ಪಿನೊ ಸಿಕ್ಕಿದ್ರೆ ಅನುಮಾನ ಪಡಬೇಕಾ? ನಾನು ಕುಡಿದ ಒಂದು ಬಾಟಲಿ ಹೆಚ್ಚುಕಮ್ಮಿ ನೇರಳೆ ಬಣ್ಣ ಇತ್ತು, ಬೆಲೆಯೂ ಕಡಿಮೆ.

ಒಗರುಸಿಹಿ
ಪಡಬೇಕು. ಲೇಬಲ್ ಮೇಲೆ ಪಿನೊ ಅಂತ ಇದ್ದ ಮಾತ್ರಕ್ಕೆ ಒಳಗೆಲ್ಲ ಪಿನೊ ಅಲ್ಲ. ಯುರೋಪಿನಲ್ಲಿ ಶೇ. 85 ಇದ್ದರೆ ಸಾಕು, ಅಮೆರಿಕದ ಸಾಮಾನ್ಯ ನಿಯಮದಲ್ಲಿ ಶೇ. 75. ಉಳಿದ ಜಾಗಕ್ಕೆ ಸಿರಾ (ಶಿರಾಜ್ ಅಂದ್ರೂ ಇದೇ) ಥರದ ಗಾಢ ಬಣ್ಣದ್ದು ಸೇರಿಸಿದ್ರೆ ಬಣ್ಣವೂ ಬರುತ್ತೆ, ನಾಲಗೆ ಮೇಲೆ ಭಾರವೂ ಬರುತ್ತೆ. ಕಾನೂನಿಗೆ ವಿರುದ್ಧವೂ ಅಲ್ಲ.

ದಕ್ಷಿಣದಿಕ್ಕು
ಪೂರ್ತಿ ಸರಿಯಲ್ಲ. ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೊ ಪಿನೊ ನೋಡಿ. 45 ಡಿಗ್ರಿ ದಕ್ಷಿಣ ಅಕ್ಷಾಂಶ, ಚುರುಕು ಬಿಸಿಲು. ಅಲ್ಲಿನ ಪಿನೊ ಬೆರಕೆ ಇಲ್ಲದೇನೇ ಗಾಢವಾಗಿರುತ್ತೆ. ಬಣ್ಣ ಕಡು ಅಂದ ತಕ್ಷಣ ಕಳ್ಳ ಅನ್ನಬೇಡಿ. ಊರು ಯಾವುದು ಅಂತ ಮೊದಲು ನೋಡಿ.

ಒಗರುಸಿಹಿ
ಒಪ್ಪಿದೆ. ಆದ್ರೆ ಅಲ್ಲಿಂದ ಬರೋದು ಈ ಬೆಲೆಗೆ ಸಿಗಲ್ಲ. ನಾನು ಹೇಳಿದ್ದು ಕಡಿಮೆ ಬೆಲೆ, ಕಡುಬಣ್ಣ ಎರಡೂ ಒಟ್ಟಿಗೆ ಬಂದಾಗ.

ಹಳೆಕಡತ
ಬೆರಕೆ ವಿಷಯ ಬಂದಿದ್ದಕ್ಕೆ ಹೇಳ್ತೀನಿ, ಇದು ಎಲ್ಲರಿಗೂ ಗೊತ್ತಿರಬೇಕಾದ ಪ್ರಕರಣ. 2010ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಕಾರ್ಕಸಾನ್ ನ್ಯಾಯಾಲಯ 12 ಜನರನ್ನ ತಪ್ಪಿತಸ್ಥರು ಅಂತ ತೀರ್ಪಿತ್ತಿತು. ಲಾಂಗ್‌ಡಾಕ್ ಪ್ರದೇಶದ ಮೆರ್ಲೊ, ಸಿರಾ ವೈನುಗಳಿಗೆ ಪಿನೊ ನ್ವಾರ್ ಅಂತ ಹೆಸರು ಹಚ್ಚಿ ಅಮೆರಿಕಕ್ಕೆ ಕಳಿಸಿದ್ದರು. 2006ರಿಂದ 2008ರವರೆಗೆ, ಸುಮಾರು 1.8 ಕೋಟಿ ಬಾಟಲಿಗಳಷ್ಟು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆ ಪ್ರದೇಶದಲ್ಲಿ ಬೆಳೆದ ಪಿನೊಗಿಂತ ಮಾರಾಟವಾದ ಪಿನೊ ಹೆಚ್ಚಾಗಿತ್ತು. ಹಿಡಿದುಕೊಟ್ಟಿದ್ದು ಲೆಕ್ಕದ ಪುಸ್ತಕ, ಯಾರ ನಾಲಗೆಯೂ ಅಲ್ಲ.

ಪ್ರಶ್ನೆಪತ್ರಿಕೆ
1.8 ಕೋಟಿ! ಅಷ್ಟೂ ಕುಡಿದವರಿಗೆ ಗೊತ್ತೇ ಆಗಲಿಲ್ವಾ? ಹಾಗಾದ್ರೆ ನಾವೆಲ್ಲ ಇಲ್ಲಿ ಚೆರ್ರಿ, ಸ್ಟ್ರಾಬೆರಿ ಅಂತ ಬರೆಯೋದಕ್ಕೆ ಏನು ಅರ್ಥ? 2001ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಬಿಳಿ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟಾಗ ತಜ್ಞರೆಲ್ಲ ಮೋಸಹೋದ್ರಲ್ಲ, ಅದೂ ನೆನಪಿಗೆ ಬರುತ್ತೆ.

ಲ್ಯಾಬ್‌ಕೋಟು
ಆ ಪ್ರಯೋಗವನ್ನ ಎಲ್ಲರೂ ಸ್ವಲ್ಪ ಉಬ್ಬಿಸಿ ಹೇಳ್ತಾರೆ. ಅಲ್ಲಿದ್ದದ್ದು 54 ಮಂದಿ, ವೈನ್ ತಯಾರಿಕೆ ಓದ್ತಿದ್ದ ವಿದ್ಯಾರ್ಥಿಗಳು. ವಾಸನೆಯಿಲ್ಲದ ಬಣ್ಣ ಬೆರೆಸಿದ ಬಿಳಿ ವೈನಿಗೆ ಅವರು ಕೆಂಪು ವೈನಿಗೆ ಹೇಳೋ ಪದಗಳನ್ನ ಬಳಸಿದ್ರು. ಅಂದ್ರೆ ವಾಸನೆಗೆ ಹೆಸರಿಡುವಾಗ ಕಣ್ಣು ಮೂಗನ್ನ ಎಳೆದುಕೊಂಡು ಹೋಗುತ್ತೆ ಅಂತಾಯ್ತು. ಮೂಗಿಗೆ ಏನೂ ಗೊತ್ತಾಗಲ್ಲ ಅಂತ ಅಲ್ಲ.

ಇದರಲ್ಲಿ ಮೂಲ ಪ್ರಶ್ನೆ ಕೇಳಿದವರಿಗೂ ಒಂದು ಪಾಠ ಇದೆ ಅನ್ನಿಸುತ್ತೆ. ತಿಳಿಬಣ್ಣ ನೋಡಿ ಮನಸ್ಸು ಕುಗ್ಗಿತು ಅಂತ ನೀವೇ ಬರೆದಿದ್ದೀರಿ. ಬಾಯಿಗಿಡೋ ಮುಂಚೆನೇ ಇದು ತೆಳು ಅಂತ ತೀರ್ಮಾನ ಆಗಿಹೋಗಿತ್ತು. ಒಂದು ಸಲ ಕಣ್ಣು ಮುಚ್ಚಿ ಕುಡಿದು ನೋಡಿ. ಮನೆಯವರ ಹತ್ತಿರ ಮೂರು ಲೋಟ ತುಂಬಿಸಿ, ಎರಡರಲ್ಲಿ ಒಂದೇ ವೈನು, ಒಂದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳೋಕಾಗುತ್ತಾ ನೋಡಿ. ಪ್ರಯೋಗಾಲಯಗಳಲ್ಲೂ ಮಾಡೋ ಪರೀಕ್ಷೆ ಇದು.

ಮೊದಲಗುಟುಕು
ನೀವು ಹೇಳಿದ್ದು ನಿಜ ಮೇಡಂ. ಬಣ್ಣ ನೋಡಿಯೇ ಅರ್ಧ ತೀರ್ಮಾನ ಮಾಡಿಬಿಟ್ಟಿದ್ದೆ. ಉಳಿದ ಬಾಟಲಿಯನ್ನ ಈಗ ಫ್ರಿಜ್ಜಿಗೆ ಇಟ್ಟಿದ್ದೀನಿ. 20 ನಿಮಿಷ ಸಾಕಾ?

ತಂಪುಬಾಟಲಿ
ಆ 20 ನಿಮಿಷದ ಲೆಕ್ಕ ಮೊದಲೇ 18 ಡಿಗ್ರಿ ಇರೋ ಬಾಟಲಿಗೆ. ನಾನು ಥರ್ಮಾಮೀಟರ್ ಇಟ್ಟು ನೋಡಿದ್ದೀನಿ. 27ರಲ್ಲಿದ್ದ ತುಂಬಿದ ಬಾಟಲಿ 14ಕ್ಕೆ ಇಳಿಯೋಕೆ ಒಂದೂವರೆ ಗಂಟೆಗಿಂತ ಹೆಚ್ಚು ಬೇಕಾಯ್ತು. ಅವಸರ ಇದ್ರೆ ಪಾತ್ರೆಯಲ್ಲಿ ಐಸು ಮತ್ತು ನೀರು ಎರಡೂ ಹಾಕಿ ಬಾಟಲಿ ಮುಳುಗಿಸಿ, ಹತ್ತು ಹದಿನೈದು ನಿಮಿಷ. ಬರೀ ಐಸು ಹಾಕಿದ್ರೆ ಸಂದಿಯಲ್ಲಿ ಗಾಳಿ ನಿಲ್ಲುತ್ತೆ, ನಿಧಾನ. ನೀರು ಸೇರಿದ್ರೆ ಗಾಜಿಗೆ ಸುತ್ತಲೂ ತಂಪು ಅಂಟುತ್ತೆ.

ಜಾಸ್ತಿ ತಣ್ಣಗಾದ್ರೂ ಚಿಂತೆ ಬೇಡ. ಲೋಟದಲ್ಲಿ ಬೆಚ್ಚಗಾಗ್ತಾ ಹೋಗುತ್ತೆ, ಆ ದಾರಿಯಲ್ಲಿ ಘಮ ಬದಲಾಗೋದನ್ನ ಗಮನಿಸೋದೇ ಪಿನೊದ ದೊಡ್ಡ ಸುಖ. ತಣ್ಣಗಿದ್ದಾಗ ಹುಳಿ ಮುಂದೆ ಇರುತ್ತೆ, ಆಮೇಲೆ ಹಣ್ಣು ಬರುತ್ತೆ. ಇನ್ನೂ ಬೆಚ್ಚಗಾದ್ರೆ ಮತ್ತೆ ಘಾಟು.

ಗಾಜುಗಣ್ಣು
ಲೋಟ ಯಾವುದು? ಹೊಟ್ಟೆ ಅಗಲ ಇದ್ದು ಬಾಯಿ ಕಿರಿದಾಗಿರೋದು ಬೇಕು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ತಿರುಗಿಸೋಕೆ ಜಾಗ ಬೇಕಲ್ಲ.

ಮೊದಲಗುಟುಕು
ನನ್ನ ಹತ್ತಿರ ಇರೋದು ನೇರ ಗೋಡೆಯ ನೀರಿನ ಲೋಟ ಮಾತ್ರ. ಅದಕ್ಕಾಗಿ ಹೊಸದು ತರಬೇಕಾ?

ಗಾಜುಗಣ್ಣು
ತಂದರೆ ಒಳ್ಳೇದು. ಪಿನೊಗೆ ಹೆಸರಾದ ಫ್ರಾನ್ಸಿನ ಬರ್ಗಂಡಿ ಪ್ರದೇಶದ ಹೆಸರಲ್ಲಿ ಬರ್ಗಂಡಿ ಲೋಟ ಅಂತಾನೇ ಸಿಗುತ್ತೆ, ಬಲೂನಿನ ಹಾಗೆ.

ಚೆರ್ರಿಬುಟ್ಟಿ
ಬೇಡ ಅಣ್ಣ, ವೈನಿಗಿಂತ ಲೋಟಕ್ಕೇ ಹೆಚ್ಚು ಖರ್ಚು ಆಗುತ್ತೆ. ತುಲಿಪ್ ಹೂವಿನಂತೆ ಬಾಯಿ ಒಳಕ್ಕೆ ಬಾಗಿದ ಯಾವುದೇ ಲೋಟ ಸಾಕು. ರುಚಿ ನೋಡೋಕೆ ಅಂತಾನೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 1977ರಲ್ಲಿ ಒಂದು ಅಳತೆ ನಿಗದಿ ಮಾಡಿತು, ಆ ಲೋಟವೂ ಚಿಕ್ಕದೇ. 50 ಮಿಲಿ ಸುರಿದು ಮೂಗಿಟ್ಟರೆ ಆಯ್ತು. ನೇರ ಲೋಟದಲ್ಲಿ ಮಾತ್ರ ಘಮ ಎಲ್ಲ ಮೇಲಿಂದಲೇ ಹಾರಿಹೋಗುತ್ತೆ, ಅದನ್ನ ಬದಲಾಯಿಸಿ.

ನಿಧಾನಕ್ಕೆ
ನಾನೊಂದು ಅಭ್ಯಾಸ ಹೇಳ್ತೀನಿ, ಖರ್ಚಿಲ್ಲದ್ದು. ಮೂಗು ಮುಚ್ಚಿಕೊಂಡು ಒಂದು ಗುಟುಕು ಬಾಯಿಗೆ ಹಾಕಿ. ಹುಳಿ, ಒಗರು, ಸಿಹಿ ಇಷ್ಟು ಗೊತ್ತಾಗುತ್ತೆ, ಯಾವ ಹಣ್ಣೂ ಇರಲ್ಲ. ನುಂಗಿ, ಮೂಗು ಬಿಟ್ಟು ಉಸಿರು ಹೊರಗೆ ಬಿಡಿ. ಹಣ್ಣು ಆಗ ಬರುತ್ತೆ, ಗಂಟಲ ಹಿಂದಿನಿಂದ ಮೂಗಿಗೆ. ಮೊದಲ ಸಲ ಮಾಡಿದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ ನಾನು. ಗಟ್ಟಿ ವೈನುಗಳಲ್ಲಿ ಒಗರೇ ಇಡೀ ಬಾಯಿ ತುಂಬಿಬಿಡುತ್ತೆ, ಈ ಹಿಂಬದಿಯ ಘಮ ಗಮನಕ್ಕೇ ಬರಲ್ಲ. ಪಿನೊದಲ್ಲಿ ಒಗರು ಅಷ್ಟು ಅಡ್ಡ ಬರಲ್ಲ, ಅದಕ್ಕೇ ಇದನ್ನ ಕಲಿಯೋಕೆ ಇದಕ್ಕಿಂತ ಒಳ್ಳೆ ವೈನಿಲ್ಲ ಅನ್ನೋದು ನನ್ನ ಅನುಭವ.

ತರಗೆಲೆ
ಪಿನೊ ಅಂದ್ರೆ ನನಗೆ ಕಾಡಿನ ನೆಲದ ವಾಸನೆ. ಒದ್ದೆ ತರಗೆಲೆ, ಅಣಬೆ, ಮಣ್ಣು. ನಿಮ್ಮ ಬಾಟಲಿಯಲ್ಲಿ ಅದು ಇದೆಯಾ ನೋಡಿ, ಇಲ್ಲದಿದ್ರೆ ಅದು ಪಿನೊನೇ ಅಲ್ಲ.

ಲ್ಯಾಬ್‌ಕೋಟು
ಇದನ್ನ ಮಾತ್ರ ಒಪ್ಪಲ್ಲ. ತರಗೆಲೆ, ಅಣಬೆ ಬರೋದು ಬಾಟಲಿಯಲ್ಲಿ ವರ್ಷಗಟ್ಟಲೆ ಕೂತು ಮಾಗಿದ ಮೇಲೆ. ಎಳೆಯ, ಕಡಿಮೆ ಬೆಲೆಯ ಬಾಟಲಿಯಲ್ಲಿ ಹುಡುಕಬೇಕಾದ್ದು ತಾಜಾ ಕೆಂಪು ಹಣ್ಣು. ಎಳೆ ವೈನಿನಲ್ಲಿ ಮಣ್ಣಿನ ವಾಸನೆ ಜೋರಾಗಿ ಬಂದ್ರೆ ಅದು ದೋಷವೂ ಇರಬಹುದು. ಮೊದಲ ಮಳೆಗೆ ಮಣ್ಣಿಂದ ಏಳೋ ಕಂಪಿನಲ್ಲಿ ಜಿಯೋಸ್ಮಿನ್ ಇರುತ್ತೆ. ಕೊಳೆತ ದ್ರಾಕ್ಷಿ ಸೇರಿದ್ರೆ ವೈನಿಗೂ ಅದೇ ಬರುತ್ತೆ. ಪಿನೊ ಗೊಂಚಲು ಸುಲಭವಾಗಿ ಕೊಳೆಯುತ್ತೆ ಅಂತ ಮೇಲೇನೇ ಹೇಳಿದ್ದಾರಲ್ಲ.

ತರಗೆಲೆ
ಸರಿ, "ಪಿನೊನೇ ಅಲ್ಲ" ಅಂದದ್ದು ಜಾಸ್ತಿಯಾಯ್ತು, ವಾಪಸ್ ತಗೊಂಡೆ. ನಾನು ಕುಡಿದದ್ದೆಲ್ಲ ಹಳೆಯ ಬಾಟಲಿಗಳು. ಒಳ್ಳೆ ಮಾಗಿದ ಪಿನೊ ಒಂದು ಸಲ ಸಿಕ್ಕವರಿಗೆ ಆ ವಾಸನೆ ತಲೆಯಿಂದ ಹೋಗಲ್ಲ.

ಪ್ರಶ್ನೆಪತ್ರಿಕೆ
ಬಾಟಲಿ ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ? ಅದನ್ನ ಯಾರೂ ಹೇಳಲೇ ಇಲ್ಲ.

ನಿಧಾನಕ್ಕೆ
ಒದ್ದೆ ರಟ್ಟಿನ ಪೆಟ್ಟಿಗೆ, ಮುಗ್ಗಲು ವಾಸನೆ ಬಂದ್ರೆ ಕಾರ್ಕಿನ ದೋಷ. ಟಿಸಿಎ ಅನ್ನೋ ರಾಸಾಯನಿಕ, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ರೂ ಮೂಗು ಹಿಡಿಯುತ್ತೆ. ಎಷ್ಟು ಹೊತ್ತು ತೆರೆದಿಟ್ಟರೂ ಸರಿಹೋಗಲ್ಲ. ಉಗುರು ಬಣ್ಣದ ಕಟುವಾಸನೆ ಬಂದ್ರೆ ವಿನೆಗರ್ ಕಡೆಗೆ ಹೊರಟಿದೆ. ಕಡ್ಡಿ ಗೀರಿದ ವಾಸನೆ, ಕೊಳೆತ ಮೊಟ್ಟೆ ವಾಸನೆ ಇದ್ರೆ ಗಂಧಕದ್ದು. ಅದು ಮಾತ್ರ ಬಹಳ ಸಲ ಲೋಟ ತಿರುಗಿಸಿದ್ರೆ ಹೋಗಿಬಿಡುತ್ತೆ, ಕೂಡಲೇ ಚೆಲ್ಲಬೇಡಿ.

ದಕ್ಷಿಣದಿಕ್ಕು
ಅವರದ್ದು ತಿರುಪು ಮುಚ್ಚಳ, ಕಾರ್ಕಿನ ದೋಷದ ಭಯ ಇಲ್ಲ. ತಿರುಪು ಅಂದ್ರೆ ಕಳಪೆ ಅನ್ನೋ ಮಾತು ಇನ್ನೂ ಕೇಳ್ತೀನಿ, ಬೇಸರ ಆಗುತ್ತೆ. ನ್ಯೂಜಿಲೆಂಡಿನ ವೈನ್ ತಯಾರಕರು 2001ರಲ್ಲೇ ಸೇರಿ ಅದರ ಪರವಾಗಿ ಸಂಘಟಿತರಾದ್ರು. ಇವತ್ತು ಅಲ್ಲಿನ ದುಬಾರಿ ಪಿನೊ ಕೂಡ ಅದರಲ್ಲೇ ಬರುತ್ತೆ.

ಗುಡ್ಡದಗಾಳಿ
ಒಂದ ಮಾತ ಕೇಳ್ರಿ, ಈ ಹೆಸರಿನ ಅರ್ಥ ಏನರಿ? ನ್ವಾರ್ ಅಂದ್ರ ಕಪ್ಪ ಅಂತ ಗೊತ್ತೈತಿ. ಪಿನೊ?

ಹಳೆಕಡತ
ಪೈನ್ ಮರದ ಕಾಯಿ. ಗೊಂಚಲು ಪೈನ್ ಕಾಯಿಯ ಹಾಗೆ ಒತ್ತಾಗಿರೋದ್ರಿಂದ ಆ ಹೆಸರು ಅಂತಾರೆ. ಪಿನೊ ಗ್ರಿ, ಪಿನೊ ಬ್ಲಾಂ ಎರಡೂ ಇದೇ ಬಳ್ಳಿಯ ಬಣ್ಣ ಬದಲಾದ ರೂಪಗಳು. ಜರ್ಮನಿಯಲ್ಲಿ ಸ್ಪೇಟ್‌ಬುರ್ಗುಂಡರ್, ಇಟಲಿಯಲ್ಲಿ ಪಿನೊ ನೇರೊ ಅಂತ ಇದ್ರೂ ದ್ರಾಕ್ಷಿ ಒಂದೇ. ಕಡಿಮೆ ಬೆಲೆಯಲ್ಲಿ ಹುಡುಕುವಾಗ ಈ ಹೆಸರುಗಳು ಗೊತ್ತಿದ್ರೆ ಲಾಭ.

ಇನ್ನೊಂದು. ಒಗರುಸಿಹಿಯವರು ಗಮೇ ಕುಡಿಯಿರಿ ಅಂದ್ರಲ್ಲ. 1395ರಲ್ಲಿ ಬರ್ಗಂಡಿಯ ಡ್ಯೂಕ್ ದಿಟ್ಟ ಫಿಲಿಪ್ ತನ್ನ ನಾಡಿನಿಂದ ಗಮೇ ಬಳ್ಳಿಗಳನ್ನ ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ, ಪಿನೊ ಉಳಿಯಲಿ ಅಂತ. ಸುಮಾರು ಆರು ನೂರು ವರ್ಷ ಆದ ಮೇಲೆ, 1999ರಲ್ಲಿ, ಡಿಎನ್‌ಎ ಪರೀಕ್ಷೆ ಮಾಡಿದ್ರೆ ಗಮೇ ಪಿನೊದ ಸ್ವಂತ ಮಗು ಅಂತ ಗೊತ್ತಾಯ್ತು. ತಾಯ್ತಂದೆಯರಲ್ಲಿ ಇನ್ನೊಂದು ಗುಯೆ ಬ್ಲಾಂ ಅನ್ನೋ ಬಿಳಿ ದ್ರಾಕ್ಷಿ. ಬಿಳಿ ವೈನಿನ ಶಾರ್ಡನೆ ದ್ರಾಕ್ಷಿ ಕೂಡ ಇದೇ ಜೋಡಿಯದು.

ಒಗರುಸಿಹಿ
ಇದು ಗೊತ್ತಿರಲಿಲ್ಲ. ಗಮೇ ಮೇಲಿನ ನನ್ನ ಪ್ರೀತಿ ಇನ್ನೂ ಹೆಚ್ಚಾಯ್ತು. ಆದ್ರೂ ಡ್ಯೂಕ್ ಮಾಡಿದ್ದು ಅನ್ಯಾಯ.

ಬಿಡುವಿನವೇಳೆ
ಪಿನೊದಲ್ಲಿ ದ್ರಾಕ್ಷಿ ಸಿಪ್ಪೆಯಿಂದ ಬರೋ ರೆಸ್ವೆರಟ್ರಾಲ್ ಅನ್ನೋ ವಸ್ತು ಜಾಸ್ತಿ, ಹೃದಯಕ್ಕೆ ಒಳ್ಳೇದು ಅಂತ ಓದಿದ್ದೆ. ದಿನಾ ಒಂದು ಲೋಟ ಕುಡಿಯಬಹುದಲ್ವಾ?

ಲ್ಯಾಬ್‌ಕೋಟು
ದಯವಿಟ್ಟು ಆ ಕಾರಣಕ್ಕೆ ಕುಡಿಯಬೇಡಿ. ಆಲ್ಕೋಹಾಲ್ ಕ್ಯಾನ್ಸರ್‌ಕಾರಕ ಅಂತ 1988ರಲ್ಲೇ ಪಟ್ಟಿಗೆ ಸೇರಿದೆ. ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ವೈನಿನಲ್ಲಿರೋ ರೆಸ್ವೆರಟ್ರಾಲ್ ಬಹಳ ಚೂರು. ರುಚಿಗೋಸ್ಕರ ಅಪರೂಪಕ್ಕೆ, ಸ್ವಲ್ಪ. ರುಚಿ ಕಲಿಯೋಕೆ ಉಗುಳಿದರೂ ನಡೆಯುತ್ತೆ, ವೃತ್ತಿಯವರೆಲ್ಲ ಉಗುಳೋದೇ.

ಬಿಡುವಿನವೇಳೆ
ಸರಿ ಅಕ್ಕ, ಅರ್ಥ ಆಯ್ತು.

ಮೊದಲಗುಟುಕು
ಬಂದೆ. ಎರಡನೇ ದಿನದ ವರದಿ.

ಐಸು ನೀರಲ್ಲಿ ಹನ್ನೆರಡು ನಿಮಿಷ ಇಟ್ಟೆ, ಅಡುಗೆಮನೆಯ ಥರ್ಮಾಮೀಟರ್ 13 ತೋರಿಸ್ತು. ಪಕ್ಕದ ಮನೆಯಿಂದ ಬಾಯಿ ಕಿರಿದಾದ ಲೋಟ ಇಸ್ಕೊಂಡೆ. ಈ ಸಲ ದೀಪ ಕಡಿಮೆ ಮಾಡಿ, ಬಣ್ಣ ನೋಡದೇ ಮೂಗಿಟ್ಟೆ. ಘಾಟು ಇರಲಿಲ್ಲ. ಮೊದಲು ಏನೋ ಹಸಿರು, ದೇಟು ಮುರಿದ ಹಾಗೆ. ಲೋಟ ತಿರುಗಿಸಿ ಮತ್ತೆ ಮೂಸಿದಾಗ ಸ್ಟ್ರಾಬೆರಿ. ಜಾಮಿನ ವಾಸನೆ ಅಲ್ಲ, ಪೂರ್ತಿ ಹಣ್ಣಾಗದ, ಹುಳಿ ಇರೋ ಸ್ಟ್ರಾಬೆರಿ. ಮೂಗು ಮುಚ್ಚಿ ಕುಡಿಯೋ ಅಭ್ಯಾಸವೂ ಮಾಡಿದೆ. ಮೂಗು ಬಿಟ್ಟಾಗ ಹಿಂದಿನಿಂದ ಬಂದಿದ್ದು ಚೆರ್ರಿ, ಯಾವ ಅನುಮಾನವೂ ಇಲ್ಲ. ನಿಧಾನಕ್ಕೆ ಅವರಿಗೆ ದೊಡ್ಡ ಧನ್ಯವಾದ.

ಹತ್ತು ಎಣಿಸಿದೆ. ಏಳಕ್ಕೆ ಮುಗೀತು.

ಚೆರ್ರಿಬುಟ್ಟಿ
ಏಳು! ಈ ಬೆಲೆಗೆ ಏಳು ಅಂದ್ರೆ ಚೆನ್ನಾಗಿದೆ. ಮೂರಲ್ಲ ತಾನೇ.

ಒಗರುಸಿಹಿ
ಏಳು ಅಂದ್ರೆ ಸಾಧಾರಣ ಅಂತ ನಾನು ಹೇಳ್ತೀನಿ. ಆದ್ರೆ ನೀರಲ್ಲ, ಅದನ್ನ ಒಪ್ಪಿಕೊಳ್ತೀನಿ. ಆ ದೇಟಿನ ವಾಸನೆ ಬಂತಲ್ಲ, ಗೊಂಚಲನ್ನ ದೇಟಿನ ಸಮೇತ ಹುದುಗಿಸಿರಬಹುದು, ಅಥವಾ ಹಣ್ಣು ಪೂರ್ತಿ ಮಾಗದೇ ಕಿತ್ತಿರಬಹುದು. ಸಿಹಿ ಏನಾದ್ರೂ ಉಳಿದಿತ್ತಾ? ಈ ವರ್ಗದ ಕೆಲವರು ತೆಳುತನ ಮುಚ್ಚೋಕೆ ಒಂಚೂರು ಸಕ್ಕರೆ ಉಳಿಸ್ತಾರೆ.

ಮೊದಲಗುಟುಕು
ಇಲ್ಲ ಸರ್, ಸಿಹಿ ಇರಲಿಲ್ಲ. ಕೊನೆಯಲ್ಲಿ ಹುಳಿ, ಬಾಯಿ ನೀರೂರೋ ಹಾಗೆ.

ಒಗರುಸಿಹಿ
ಹಾಗಾದ್ರೆ ಪ್ರಾಮಾಣಿಕವಾಗಿ ಮಾಡಿದ ವೈನು. ಹೆಸರು ಬರೆದಿಟ್ಟುಕೊಳ್ಳಿ. ಹಿಂದಿನ ಲೇಬಲ್ ನೋಡಿ, ಕಸಬ್ಲಾಂಕಾ ಕಣಿವೆ ಅಂತ ಇದೆಯಾ? ಸಮುದ್ರದ ಮಂಜು ಬಂದು ತಂಪಾಗೋ ಜಾಗ ಅದು, ಅಲ್ಲಿನದ್ದು ಬಯಲಿನದ್ದಕ್ಕಿಂತ ಮೇಲು.

ಮೊದಲಗುಟುಕು
ಹೌದು, ಅದೇ ಇದೆ! ಇಷ್ಟು ಹೊತ್ತು ಹಿಂದಿನ ಲೇಬಲ್ ತಿರುಗಿಸಿಯೇ ನೋಡಿರಲಿಲ್ಲ. ಇನ್ನು ಸುಮಾರು ಅರ್ಧ ಬಾಟಲಿ ಇದೆ. ವಾರದ ಕೊನೆವರೆಗೂ ಇರುತ್ತಾ?

ತಂಪುಬಾಟಲಿ
ಇರಲ್ಲ. ತೆಳು ಪಿನೊ ತೆರೆದ ಮೇಲೆ ಬೇಗ ಸೋಲುತ್ತೆ, ಎರಡು ಮೂರು ದಿನ ಅಷ್ಟೇ. ತೊಳೆದು ಒಣಗಿಸಿದ 375 ಮಿಲಿ ಬಾಟಲಿ ಇದ್ರೆ ಕುತ್ತಿಗೆವರೆಗೂ ತುಂಬಿ, ಗಾಳಿಗೆ ಜಾಗ ಬಿಡದೆ ಮುಚ್ಚಿ ಫ್ರಿಜ್ಜಲ್ಲಿಡಿ. ನಾಳೆ ಮತ್ತೆ 50 ಮಿಲಿ ಸುರಿದು ಎಣಿಸಿ, ಏಳು ಆರಾಯ್ತೋ ಎಂಟಾಯ್ತೋ ಇಲ್ಲಿ ಬರೆಯಿರಿ. ನನ್ನ ಒಂದೆರಡು ಬಾಟಲಿಗಳಲ್ಲಿ ಎರಡನೇ ದಿನಕ್ಕಿಂತ ಮೂರನೇ ದಿನವೇ ಚೆನ್ನಾಗಿತ್ತು.

ಮೊದಲಗುಟುಕು
ಚಿಕ್ಕ ಬಾಟಲಿ ಸಿಕ್ತು, ತುಂಬಿಟ್ಟೆ. ನಾಳೆ ಬರೀತೀನಿ.